ಬೋರಲಿಟ್ಟ ಏಳು ಬಟ್ಟಲು

ಲಿಂಗಸುಗೂರಿನ ನಮ್ಮ ಓಣಿಗೆ ನಳದ ನೀರು ಬರುವುದು ಐದು ದಿನಕ್ಕೊಮ್ಮೆ. ಬರುವ ದಿನ ಮುಂಜಾನೆ ಕೊಡಗಳಿಗೆಲ್ಲ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಅಂಗಳದ ಗೋಡೆಗುಂಟ ಬೋರಲು ಹಾಕಿಡುವುದು ನನ್ನ ರೂಢಿ. ಮೊನ್ನೆ ಅದೇ ಕೆಲಸದಲ್ಲಿದ್ದೆ. ಕೈಯೆಲ್ಲ ಹುಳಿ, ಬೂದಿ. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಫೋನು ರಿಂಗಾಯಿತು. ಸಿಂಧನೂರಿನಿಂದ ಮೈದುನ ಅಮರೇಶ.

“ವೈನಿ, ರವಿವಾರ ಅಣ್ಣನ್ನ ಕರ್ಕೊಂಡು ಬರ್ರಿ. ನನಗ ಸನ್ಮಾನ ಮಾಡಾಕತ್ತಾರ.”

“ಯಾಕಪ, ಏನು ಮಾಡಿದಿ?”

“ಏನು ಮಾಡಿದಿ ಅಂತೀರಲ್ಲ. ಹಿಮದಾಗ ಗಾಡಿ ಹೊಡ್ಕೊಂಡು ಹೋಗಿ ಬಂದಿಲ್ಲೇನು? ಸಾಹಸಯಾತ್ರಿ ಅಂತ ಬ್ಯಾನರ್ ಹಾಕ್ಯಾರ. ನಿಮಗೂ ಒಂದು ಶಾಲು ಐತಿ. ನಿಮ್ಮ ಪೂಜಿ ವಿಡಿಯೋ ದೊಡ್ಡ ಪರದಿ ಮ್ಯಾಲ ತೋರಸ್ತಾರ.”

“ಅದನ್ನ ಅಳಿಸೀನಿ ಅಂದಿದ್ದಿ.”

“ಫೋನಿನ್ಯಾಗಿಂದು ಅಳಿಸೀನ್ರಿ. ಚಾನೆಲ್‌ನ್ಯಾಗಿಂದು ಹೆಂಗ ಅಳಸೋದು? ಅದೊಂದ ಓಡಾಕತ್ತೈತಿ ಚೆಂದಾಗಿ.”

ನಳ ಬಂತೆಂದು ಸುಳ್ಳು ಹೇಳಿ ಫೋನು ಇಟ್ಟೆ. ನಳ ಬಂದಿರಲಿಲ್ಲ. ತಿಕ್ಕುತ್ತಿದ್ದ ಕೊಡದ ಮುಂದೆ ಹಾಗೇ ಕೂತೆ. ಆ ಚಳಿಯ ಹೊಗೆಯ ವಾಸನೆ, ಜೀಪಿನೊಳಗಿನ ಅತ್ತರಿನ ವಾಸನೆ, ಎಲ್ಲವೂ ಒಟ್ಟಿಗೆ ಮೂಗಿಗೆ ಹತ್ತಿದವು.

ಅದು ಹೋದ ವರ್ಷದ ಮಾತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಬಂದು ಇನ್ನೂ ವಾರವಾಗಿರಲಿಲ್ಲ. ಅಮರೇಶನಿಗೆ ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಮಷಿನ್ನುಗಳ ಬಿಡಿಭಾಗದ ಅಂಗಡಿ ಇದೆ. ಹೊಸ ಜೀಪು ತಂದಿದ್ದ. ಮುಂದೆ ಬಾವುಟ, ಹಿಂದಿನ ಗಾಜಿನ ಮೇಲೆ ‘ಸಿಂಧನೂರಿನಿಂದ ಹಿಮಾಲಯ’ ಎಂಬ ಅಕ್ಷರ. ಒಬ್ಬನೇ ಹೋಗಲು ಧೈರ್ಯವಿಲ್ಲ, ಅಣ್ಣ ಬೇಕು. ನಮ್ಮ ಮನೆಯವರದು ಕಿರಾಣಿ ಅಂಗಡಿ. ಅವರಿಗೆ ಹೊರಗಿನ ಅನ್ನ ಸೇರುವುದಿಲ್ಲ, ರೊಟ್ಟಿ ಬೇಕು. ರೊಟ್ಟಿ ಬೇಕೆಂದರೆ ನಾನು ಬೇಕು. ಹಾಗೆಂದು ನೇರವಾಗಿ ಕೇಳಿದ್ದರೆ ಒಲ್ಲೆ ಅನ್ನುತ್ತಿದ್ದೆ. ಅಮರೇಶನಿಗೆ ಅದು ಗೊತ್ತಿತ್ತು. ಅದಕ್ಕೇ ಕೇದಾರದ ಹೆಸರು ತೆಗೆದ.

“ಚಳಿಗಾಲದಾಗ ಕೇದಾರದ ಬಾಗಲ ಹಾಕಿರ್ತಾರ” ಅಂದೆ. “ಸ್ವಾಮಿ ಕೆಳಗ ಉಖೀಮಠಕ್ಕ ಇಳದಿರ್ತಾನ.”

“ಹಂಗಾರ ಉಖೀಮಠಕ್ಕ ಹೋಗೋಣ್ರಿ. ಅಷ್ಟ ಅಲ್ಲ?”

ನಂಬಿದೆ. ನೆಗೆಣ್ಣಿ ಸುನಂದಾ ಜಾಣೆ, ಗಂಡನನ್ನು ಬಲ್ಲವಳು, ಮಂಡಿನೋವೆಂದು ಮನೆಯಲ್ಲೇ ಉಳಿದಳು. ನಾನು ಮಾತ್ರ ಎರಡು ದಿನ ಒಲೆಯ ಮುಂದೆ ಕೂತು ಡಬ್ಬಿ ತುಂಬ ಕಡಕ್ ರೊಟ್ಟಿ ಬಡಿದೆ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿದೆ. ಬಿಲ್ವಪತ್ರೆ ಒಣಗಿಸಿ ಕಟ್ಟಿಕೊಂಡೆ. ಬಕೆಟ್ಟಿನಲ್ಲಿ ಬಿಟ್ಟು ನೀರು ಕಾಸುವ ಕರೆಂಟಿನ ರಾಡನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡೆ.

ಆ ರಾಡಿನ ಕಾರಣ ಹೇಳಬೇಕು. ನನಗೆ ಒಂಬತ್ತು ವರ್ಷವಿದ್ದಾಗ ಅಯ್ಯನವರು ಮನೆಗೆ ಬಂದು ಕೊರಳಿಗೆ ಲಿಂಗ ಕಟ್ಟಿದರು. ಅಂದು ಅವ್ವ ಒಂದೇ ಮಾತು ಹೇಳಿದ್ದಳು: ಮೈಗೆ ನೀರು, ಲಿಂಗಕ್ಕೆ ನೀರು, ಆಮೇಲೆ ಬಾಯಿಗೆ ನೀರು. ಅವತ್ತಿನಿಂದ ಸ್ನಾನ ಮಾಡಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಒಂದು ಹನಿ ನೀರು ಕುಡಿದವಳಲ್ಲ ನಾನು. ಹೆರಿಗೆಯಾದ ಮುಂಜಾನೆಗಳಲ್ಲೂ ಈ ನೇಮ ತಪ್ಪಲಿಲ್ಲ. ದೊಡ್ಡ ಭಕ್ತೆಯೆಂದು ಹೇಳಿಕೊಳ್ಳುತ್ತಿಲ್ಲ. ಹೆಚ್ಚು ಓದಿಲ್ಲ, ಊರು ನೋಡಿಲ್ಲ, ನನ್ನದು ಅಂತ ಇದ್ದದ್ದು ಇದೊಂದೇ.

ಮೊದಲ ನಾಲ್ಕು ದಿನ ದಾರಿಯ ಲಾಡ್ಜುಗಳಲ್ಲಿ ರಾಡು ಕೆಲಸ ಮಾಡಿತು. ಅದೊಂದು ಪುಣ್ಯ. ಉಳಿದದ್ದನ್ನು ನೆನೆದರೆ ಈಗಲೂ ಮೈ ಜಿಗಿಜಿಗಿ ಅನ್ನುತ್ತದೆ. ಆ ಢಾಬಾಗಳ ಹಿಂದಿನ ಪಾಯಿಖಾನೆಗಳು. ಊಟದ ಮೇಜನ್ನೂ ನೆಲವನ್ನೂ ಒಂದೇ ಅರಿವೆಯಲ್ಲಿ ಒರೆಸುವ ಮಂದಿ. ಸಂಜೆಯಾದರೆ ಅಮರೇಶನ ಸೀಟಿನ ಕೆಳಗಿಂದ ಹೊರಬರುವ ಬಾಟಲಿ. ಬಾಟಲಿಯ ವಾಸನೆ ಮುಚ್ಚಲು ಅವನು ಹೊಡೆಯುವ ಅತ್ತರು. ಎರಡೂ ಸೇರಿದರೆ ಸತ್ತ ಇಲಿಗೆ ಮಲ್ಲಿಗೆ ಮುಡಿಸಿದಂತೆ. ಹತ್ತು ಮೈಲಿಗೊಮ್ಮೆ ಗಾಡಿ ನಿಲ್ಲಿಸಿ ಫೋನಿನ ಮುಂದೆ ನಿಂತು, “ನಮಸ್ಕಾರ ಬಂಧುಗಳೇ” ಅನ್ನುತ್ತಿದ್ದ. ಮನೆಯಲ್ಲಿ ಒಂದು ದಿನವೂ ಹಾಗೆ ಮಾತಾಡಿದವನಲ್ಲ.

ದಿಲ್ಲಿ ದಾಟಿದ ಮೇಲೆ ಒಂದು ಕಡೆ ರಸ್ತೆ ಒಡೆಯಿತು. ಹರಿದ್ವಾರ ಬಲಕ್ಕೆ ಎಂದು ಹಿಂದಿಯಲ್ಲಿ ಬರೆದಿತ್ತು. ಶಾಲೆಯಲ್ಲಿ ಕಲಿತಷ್ಟು ಹಿಂದಿ ನನಗೆ ಓದಲು ಬರುತ್ತದೆ. ಗಾಡಿ ಬಲಕ್ಕೆ ತಿರುಗಲಿಲ್ಲ.

“ಅಮರೇಶ, ದಾರಿ ತಪ್ಪೀತು ನೋಡಪ.”

“ಇಲ್ರಿ ವೈನಿ. ಸ್ಪಿತಿಗೆ ಹೊಂಟೀವಿ. ಚಳಿಗಾಲದಾಗ ಅಲ್ಲಿಗಿ ಹೋಗಿ ಬಂದ್ರ ಗಂಡಸು ಅಂತಾರ. ಅದೂ ಹಿಮಾಲಯಾನ, ಇದೂ ಹಿಮಾಲಯಾನ.”

ಮುಂದೆ ಕೂತಿದ್ದ ನಮ್ಮ ಮನೆಯವರ ಹೆಗಲು ನೋಡಿದೆ. ಹೆಗಲು ತಿರುಗಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು.

“ನಿಮಗೂ ಗೊತ್ತಿತ್ತೇನ್ರಿ?”

“ಬಿಡ. ಸಣ್ಣಾವ, ಆಸಿ ಪಟ್ಟಾನ” ಅಂದರು. ಆ ಸಣ್ಣವನಿಗೆ ನಲವತ್ತಾರು ವರ್ಷ.

ಶಿಮ್ಲಾ ದಾಟಿ ರಾಂಪುರದ ಹತ್ತಿರ ಒಂದು ಕಲ್ಲು ಸಿಡಿದು ಗಾಡಿಯ ರೇಡಿಯೇಟರಿನ ಪೈಪು ಹರಿಯಿತು. ಒಳಗಿದ್ದ ಹಸಿರು ನೀರೆಲ್ಲ ರಸ್ತೆಗೆ ಚೆಲ್ಲಿತು. ಅಲ್ಲಿಯ ಮೇಸ್ತ್ರಿ ಪೈಪು ಹಾಕಿಕೊಟ್ಟು, ಆ ಹಸಿರು ದ್ರವ ಮುಂದಿನ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕಿ, ಚಳಿಗೆ ಅದೇ ಬೇಕು ಅಂದ. ಅಮರೇಶ ನಕ್ಕ. ನಮ್ಮ ಕಡೆ ಬ್ಯಾಸಿಗೆಯಲ್ಲಿ ಟ್ರ್ಯಾಕ್ಟರು ಕುದಿಯುತ್ತವೆ. ಕಾಲುವೆಯಿಂದ ಒಂದು ಕೊಡ ತಂದು ಸುರಿದರೆ ಮುಗಿಯಿತು. ಹುಟ್ಟಿದಾಗಿನಿಂದ ಅವನು ಕಂಡದ್ದು ಅದು.

“ನಮ್ಮಪ್ಪನ ಟ್ರ್ಯಾಕ್ಟರ್ ಬರೇ ನೀರಿನ ಮ್ಯಾಲ ಓಡೇತಿ. ಎಲ್ಲಾ ಯಾಪಾರ ಇವರದು” ಎಂದು ರಸ್ತೆಯ ನಲ್ಲಿಯಿಂದ ನೀರು ಹಿಡಿದು ತುಂಬಿಬಿಟ್ಟ. ಇಂಜಿನ್ನು ಕುದಿಯುವುದನ್ನು ಅವನು ಬಲ್ಲ, ಇಂಜಿನ್ನೂ ಹೆಪ್ಪುಗಟ್ಟುತ್ತದೆಂದು ಸಿಂಧನೂರಿನಲ್ಲಿ ಯಾರಿಗೆ ತಿಳಿದೀತು? ನನಗೂ ತಿಳಿದಿರಲಿಲ್ಲ. ಆದರೆ ನಾನು ತಿಳಿದವಳಂತೆ ನಗಲಿಲ್ಲ.

ಕಿನ್ನೌರ್ ಮುಗಿದ ಮೇಲೆ ಗಿಡವೇ ಇಲ್ಲ. ಬರೀ ಕಲ್ಲು, ಬಿಳುಪು, ಕೆಳಗೆ ಅರ್ಧ ಹೆಪ್ಪುಗಟ್ಟಿದ ನದಿ. ಸಂಜೆಗೆ ಗಾಡಿಯ ಮೀಟರು ಸೊನ್ನೆಯ ಕೆಳಗೆ ಇಪ್ಪತ್ತೆರಡು ತೋರಿಸಿತು. ಕೊಬ್ಬರಿಎಣ್ಣೆ ಕಲ್ಲಾಗಿತ್ತು. ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ಮನೆಯವರ ಕೋಟು. ಆದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಕೊರಳಲ್ಲಿದ್ದ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಎದೆಗೆ ಮಂಜುಗಡ್ಡೆಯಂತೆ ತಾಗುತ್ತಿತ್ತು. ಒಳಗೆ ಸ್ವಾಮಿ ಇದ್ದಾನಲ್ಲ, ಅವನಿಗೂ ಚಳಿಯೇ ಎಂದು ಕೈ ಒಳಗೆ ಹಾಕಿ ಮುಚ್ಚಿಕೊಂಡೆ.

ತಾಬೋ ಊರಿಗೆ ಇನ್ನೂ ದೂರವಿರುವಾಗಲೇ ಹಿಮ ಬೀಳತೊಡಗಿತು. ಹತ್ತು ಮನೆಯ ಒಂದು ಹಳ್ಳಿಯಲ್ಲಿ ನಿಂತೆವು. ನಾವು ಇಳಿದುಕೊಂಡ ಮನೆಯಲ್ಲಿ ಒಬ್ಬಳು ಮುದುಕಿ, ಅವಳ ಮಗ, ಎರಡು ಆಕಳು. ಪ್ರವಾಸಿಗಳಿಗೆ ಒಂದು ಕೋಣೆ. ಮುದುಕಿಯನ್ನು ಎಲ್ಲರೂ ಆಮಾ ಅನ್ನುತ್ತಿದ್ದರು, ಅಂದರೆ ಅವ್ವ. ನಡುಮನೆಯಲ್ಲಿ ಕಬ್ಬಿಣದ ಒಲೆ. ಅದಕ್ಕೆ ಕಟ್ಟಿಗೆ, ಸಗಣಿಯ ಕುಳ್ಳು. ಕುಳ್ಳಿನ ವಾಸನೆ ಮೂಗಿಗೆ ಬಿದ್ದಾಗ ಮಾತ್ರ ಮನಸ್ಸು ಸ್ವಲ್ಪ ಮನೆಗೆ ಬಂದಂತಾಯಿತು. ತಲೆ ಎತ್ತಿದರೆ ಮೇಲಿನ ತೊಲೆಗೆ ಒಣಗಿದ ಮಾಂಸದ ತುಂಡುಗಳು ನೇತಾಡುತ್ತಿದ್ದವು. ಸೆರಗು ಮೂಗಿಗೆ ಒತ್ತಿದೆ. ಆಮಾ ಅದನ್ನು ನೋಡಿದಳು. ಮಗನ ಕೈಲಿ ಆ ತುಂಡುಗಳನ್ನು ಇಳಿಸಿ ಒಳಗೆ ಇಡಿಸಿದಳು.

ಪಾಯಿಖಾನೆ ಎಂದರೆ ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಒಣಮಣ್ಣಿನ ರಾಶಿ, ಒಂದು ಸಲಿಕೆ. ನೀರಿಲ್ಲ. ನೀರು ಇಟ್ಟರೆ ಕಲ್ಲಾಗುತ್ತದೆ. ಆ ಕಿಂಡಿಯ ಮುಂದೆ ನಿಂತು ನಾನು ಅತ್ತದ್ದು ನಿಜ.

ಮರುದಿನ ಮುಂಜಾನೆ ಗಾಡಿ ಸತ್ತಿತ್ತು. ಆಮಾಳ ಮಗ ಬಾನೆಟ್ಟು ಎತ್ತಿ ನೋಡಿ, “ಪಾನೀ ಡಾಲಾ ಹೈ ಕ್ಯಾ?” ಎಂದು ಕೇಳಿದ. ನೀರು ಹಾಕಿದ್ದೀರಾ? ಹೌದೆಂದು ಅಮರೇಶ ತಲೆಯಾಡಿಸಿದ. ಆ ಹುಡುಗನ ಮುಖದಲ್ಲಿ ನಗು ಬಂದು, ಮರ್ಯಾದೆಗೆ ನಿಂತು, ಮತ್ತೆ ಬಂತು. ಒಳಗಿನ ನೀರೆಲ್ಲ ಬರ್ಫ, ಗಟ್ಟಿ ಮಂಜುಗಡ್ಡೆ. ಕರೆಂಟು ಹಿಂದಿನ ದಿನವೇ ಹೋಗಿತ್ತು. ರಾಡು ಸೀರೆಯ ಮಡಿಕೆಯಲ್ಲಿ ಹಾಗೇ ಉಳಿಯಿತು.

ನೀರು ಬೇಕೆಂದರೆ ಕೆಳಗಿನ ಬುಗ್ಗೆಗೆ ಇಳಿಯಬೇಕು. ದಾರಿ ಹಿಮದಲ್ಲಿ ಮುಚ್ಚಿತ್ತು. ಹಿಮವನ್ನೇ ತಂದು ಒಲೆಯ ಮೇಲೆ ಕರಗಿಸುತ್ತಿದ್ದರು. ಬುಟ್ಟಿ ತುಂಬ ಹಿಮ ಕರಗಿದರೆ ಪಾತ್ರೆಯ ತಳ ಮುಚ್ಚುವಷ್ಟು ನೀರು. ಮೊದಲು ಆಕಳಿಗೆ, ಆಮೇಲೆ ಮಂದಿಯ ಚಹಾಕ್ಕೆ. ಕಟ್ಟಿಗೆಯೂ ಲೆಕ್ಕದ್ದೇ. ಅಲ್ಲಿ ಸ್ನಾನಕ್ಕೆ ಕೇಳುವುದು ಹೇಗೆ? ಅವತ್ತು ಉಪವಾಸ ಉಳಿದೆ. ಗಂಡಸರಿಬ್ಬರೂ ಮುಖಕ್ಕೆ ಒಣವಿಭೂತಿ ಬಡಿದುಕೊಂಡು ನನ್ನ ರೊಟ್ಟಿ ಮುರಿದು ತಿಂದರು.

“ದೇವರು ಅಡ್ಜಸ್ಟ್ ಮಾಡ್ಕೊಂತಾನ ವೈನಿ” ಅಂದ ಅಮರೇಶ, ಬಾಯಲ್ಲಿ ಹಿಂಡಿ ಇಟ್ಟುಕೊಂಡು.

ಸಂಜೆ ನಾಚಿಕೆ ಬಿಟ್ಟು ಆಮಾಳನ್ನು ಕೇಳಿದೆ. ನಮ್ಮ ಕಡೆಯ ಉರ್ದು ಬೆರೆತ ಹಿಂದಿ ಅವಳಿಗೆ ಅರ್ಧ ತಿಳಿಯಿತು. ಮಲಗುವಾಗ ಒಲೆಯ ಮೇಲೆ ದೊಡ್ಡ ಕಿಟ್ಲಿ ತುಂಬ ಹಿಮ ಇಟ್ಟಳು. ಬೆಳಗಾಗುವುದರೊಳಗೆ ಕರಗಿ ಕಾದಿರುತ್ತದೆ, ನಿನ್ನದು ಅಂದಳು.

ಮುಂಜಾನೆ ಎದ್ದರೆ ಒಲೆಯ ಮೇಲೆ ಕಿಟ್ಲಿ ಇಲ್ಲ. ಹೊರಗೆ ಓಡಿದೆ. ಅಮರೇಶ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಆ ನೀರನ್ನು ರೇಡಿಯೇಟರಿಗೆ ಸುರಿಯುತ್ತಿದ್ದ. “ಬಂಧುಗಳೇ, ಈಗ ನೋಡ್ರಿ ನಮ್ಮ ಸಿಂಧನೂರಿನ ಐಡಿಯಾ” ಅನ್ನುತ್ತಿದ್ದ. ನಮ್ಮ ಮನೆಯವರು ಪಕ್ಕದಲ್ಲಿ ಬಾನೆಟ್ಟು ಎತ್ತಿ ಹಿಡಿದಿದ್ದರು. ಒಳಗೆ ಟಪ್ಪೆಂದು ಏನೋ ಒಡೆಯಿತು. ನೀರು ಕೆಳಗೆ ಸೋರಿ, ನಾವು ನೋಡುತ್ತಿದ್ದ ಹಾಗೇ ಗಾಜಾಯಿತು.

“ಅದು ನನ್ನ ಪೂಜಿ ನೀರು” ಅಂದೆ.

“ಗಾಡಿ ಚಾಲೂ ಆದ್ರ ಎಲ್ಲರಿಗೂ ಛಲೋ ಅಲ್ಲೇನ್ರಿ ವೈನಿ?”

ಗಾಡಿ ಚಾಲೂ ಆಗಲಿಲ್ಲ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಇನ್ನೊಮ್ಮೆ ಯಾರನ್ನೂ ಕೇಳಬಾರದೆಂದು ಹಟ ಹಿಡಿದೆ. ಅದರಲ್ಲಿ ಭಕ್ತಿ ಎಷ್ಟಿತ್ತು, ಸಿಟ್ಟು ಎಷ್ಟಿತ್ತು, ಈಗ ಹೇಳಲಾರೆ. ಮಧ್ಯಾಹ್ನದ ಹೊತ್ತಿಗೆ ತುಟಿ ಒಡೆದು ರಕ್ತ ಬಂತು. ನಾಲಿಗೆ ಹಗ್ಗದ ತುಂಡಿನಂತೆ ಒರಟಾಯಿತು. ಎದ್ದು ನಿಂತರೆ ಒಲೆ ಎರಡಾಗಿ ಕಾಣುತ್ತಿತ್ತು.

“ಹಟ ಬಿಡ. ಸತ್ತು ಗಿತ್ತೀ” ಅಂದರು ನಮ್ಮ ಮನೆಯವರು.

“ಕಿಟ್ಲಿ ಒಯ್ಯೂಮುಂದ ಈ ಬಾಯಿ ಎಲ್ಲಿತ್ತು?” ಅಂದೆ. ಅವರು ಹೊರಗೆ ಹೋಗಿ ನಿಂತರು. ಆ ಚಳಿಯಲ್ಲಿ ಎಷ್ಟು ಹೊತ್ತು ನಿಂತಾರು? ತಿರುಗಿ ಒಳಗೇ ಬಂದು ಮೂಲೆಗೆ ಕೂತರು.

ಸಂಜೆ ಆಮಾ ನನ್ನ ಮುಂದೆ ಬಂದು ಕೂತಳು. ಚಹಾ ಯಾಕೆ ಕುಡಿಯುವುದಿಲ್ಲ, ನನ್ನ ಕೈಯದು ಹೊಲಸೇ, ಎಂದು ಕೇಳಿದಳು. ಮೂಗಿಗೆ ಸೆರಗು ಒತ್ತಿದ್ದನ್ನು ಅವಳು ಮರೆತಿರಲಿಲ್ಲ. ನಾನು ಕರಡಿಗೆ ತೋರಿಸಿ ನೇಮ ತಿಳಿಸಿದೆ. ಆಕೆ ಬಹಳ ಹೊತ್ತು ಕೇಳಿದಳು. ಆಮೇಲೆ ಎದ್ದು ಪಕ್ಕದ ದೇವರ ಕೋಣೆಗೆ ಹೋದಳು.

ಅಲ್ಲಿ ಅವರ ದೇವರ ಮುಂದೆ ಹಿತ್ತಾಳೆಯ ಏಳು ಬಟ್ಟಲು ಸಾಲಾಗಿ ಇದ್ದವು. ದಿನಾ ಮುಂಜಾನೆ ಎದ್ದ ಕೂಡಲೇ ಮೊದಲ ನೀರನ್ನು ಆ ಬಟ್ಟಲುಗಳಿಗೆ ತುಂಬುವುದು, ಸಂಜೆ ತೆಗೆದು ಒರೆಸಿ ಬೋರಲು ಇಡುವುದು ಅವಳ ನೇಮ. ಆ ಸಂಜೆ ಏಳೂ ಬಟ್ಟಲಿನ ನೀರನ್ನು ಒಂದು ಚೊಂಬಿಗೆ ಸುರಿದು ತಂದಳು. “ಭಗವಾನ್ ಕಾ ಪಾನೀ. ಲೇ ಲೋ.” ದೇವರ ನೀರು, ತಗೋ.

ಒಂದು ಗಳಿಗೆ ಕೈ ಮುಂದೆ ಹೋದದ್ದು ನಿಜ. ಆಮೇಲೆ ಹಿಂದೆ ತೆಗೆದೆ.

“ತುಮಾರೆ ಭಗವಾನ್‌ಕು ದಿಯೇ ಸೋ ಪಾನೀ, ಮೇರೆ ಭಗವಾನ್‌ಕು ಕೈಸೆ ದೇವೂ?” ಅಂದೆ. ನಿನ್ನ ದೇವರಿಗೆ ಕೊಟ್ಟ ನೀರನ್ನು ನನ್ನ ದೇವರಿಗೆ ಹೇಗೆ ಕೊಡಲಿ?

ಅವಳಿಗೆ ಸಿಟ್ಟು ಬರುತ್ತದೆಂದುಕೊಂಡೆ. ಬರಲಿಲ್ಲ. ಒಂದು ಸಲ ಚೊಂಬು ನೋಡಿದಳು, ಒಂದು ಸಲ ನನ್ನ ಕೊರಳು ನೋಡಿದಳು. ಹೌದಲ್ಲ ಎನ್ನುವಂತೆ ತಲೆಯಾಡಿಸಿ, ಆ ನೀರನ್ನು ಒಯ್ದು ಕಿಟಕಿಯ ಕುಂಡದ ಗಿಡಕ್ಕೆ ಹಾಕಿದಳು.

ಬೆಳಕು ಹರಿಯುವ ಮೊದಲು ಯಾರೋ ಭುಜ ಅಲುಗಿಸಿದರು. ಆಮಾ. ಒಲೆಯ ಹಿಂದೆ ಕಂಬಳಿ ಕಟ್ಟಿ ಮರೆ ಮಾಡಿದ್ದಳು. ಮರೆಯಲ್ಲಿ ಅರ್ಧ ಬಕೆಟ್ಟು ಬಿಸಿನೀರು, ಬೇರೆಯಾಗಿ ಒಂದು ಚೊಂಬು ತಣ್ಣನೆಯ ನೀರು. ಚೊಂಬಿನ ಬಾಯಿಗೆ ಶುಭ್ರವಾದ ಬಿಳಿಯ ಅರಿವೆ. ಯಾರೂ ಮುಟ್ಟಿಲ್ಲ ಎಂದು ಕೈಸನ್ನೆಯಲ್ಲೇ ಹೇಳಿದಳು.

ಮೈಮೇಲೆ ನೀರು ಬಿದ್ದಾಗ ಮೈಯಿಂದ ಹೊಗೆ ಎದ್ದಿತು. ಗೋಡೆಗೆ ಮುಖ ಮಾಡಿ ಕೂತು ಲಿಂಗ ತೆಗೆದೆ. ಎಡ ಅಂಗೈಯಲ್ಲಿ ಇಟ್ಟುಕೊಂಡೆ. ನೀರು, ವಿಭೂತಿ, ಒಣಗಿದ ಬಿಲ್ವಪತ್ರೆ. ಪೂಜೆ ಮುಗಿಸಿ ಬಾಯಿಗೆ ಹಾಕಿಕೊಂಡ ಆ ಮೂರು ಹನಿ ಗಂಟಲಲ್ಲಿ ಇಳಿದದ್ದು ನನಗೆ ಇನ್ನೂ ನೆನಪಿದೆ. ಆಮೇಲೆ ಆಮಾ ಉಪ್ಪು, ಬೆಣ್ಣೆ ಹಾಕಿದ ಚಹಾ ಕೊಟ್ಟಳು. ಅಂಥ ಹೊಲಸು ರುಚಿಯ ಚಹಾ ನಾನು ಹುಟ್ಟಿ ಕುಡಿದಿಲ್ಲ. ಎರಡು ಬಟ್ಟಲು ಕುಡಿದೆ.

ಬಿಸಿಲು ಕಿಟಕಿಗೆ ಬಂದಾಗ ದೇವರ ಕೋಣೆಯ ಬಾಗಿಲು ತೆರೆದಿತ್ತು. ಏಳು ಬಟ್ಟಲೂ ಹಿಂದಿನ ಸಂಜೆ ಇಟ್ಟಂತೆ ಬೋರಲಾಗಿಯೇ ಇದ್ದವು.

“ಆಜ್ ಪಾನೀ ನೈ ರಖೇ?” ಇವತ್ತು ನೀರು ಇಟ್ಟಿಲ್ಲವೇ ಎಂದು ಕೇಳಿದೆ.

“ಪಾನೀ ಕಹಾಂ ಹೈ? ತುಮ್ಹಾರೆ ವಾಲೇ ಕೋ ದೇ ದಿಯಾ.” ನೀರು ಎಲ್ಲಿದೆ, ನಿನ್ನವನಿಗೆ ಕೊಟ್ಟೆನಲ್ಲ.

ಹಿಂದೆ ಯಾವಾಗಲಾದರೂ ಹೀಗೆ ತಪ್ಪಿದ್ದಿದೆಯೇ ಎಂದು ಕೇಳಿದೆ. ಆಮಾ ಒಂದು ಬೆರಳು ಎತ್ತಿದಳು. “ಪೆಹಲೀ ಬಾರ್.” ಇದೇ ಮೊದಲು. ಅಷ್ಟು ಹೇಳಿ ಆಕಳಿಗೆ ಮೇವು ಹಾಕಲು ಹೋದಳು.

ನನಗೆ ಅಲ್ಲಿಯವರೆಗೆ ಎಲ್ಲರ ಮೇಲೂ ಹೇಸಿಗೆ ಬಂದಿತ್ತು. ಆಗ ನನ್ನ ಹಟದ ಮೇಲೂ ಸ್ವಲ್ಪ ಬಂತು. ಅವಳ ಹಿಂದೆಯೇ ಹೋಗಿ, ಬುಟ್ಟಿ ಇಸಿದುಕೊಂಡು, ಮಧ್ಯಾಹ್ನದವರೆಗೆ ಹಿಮ ಹೊತ್ತು ತಂದು ಅವಳ ಪಾತ್ರೆ ತುಂಬಿದೆ. ಕೈ ಮರಗಟ್ಟಿದ್ದು ತಿಳಿಯಲಿಲ್ಲ.

ಮರುದಿನ ದಾರಿ ತೆರೆಯಿತು. ಸಾಹಸಯಾತ್ರಿಯ ಜೀಪು ರಾಂಪುರದವರೆಗೆ ಖಾಲಿ ಲಾರಿಯೊಂದರ ಬೆನ್ನ ಮೇಲೆ ಇಳಿಯಿತು, ಬಾವುಟ ಸಮೇತ. ನಾನೂ ನಮ್ಮ ಮನೆಯವರೂ ರೈಲಿನಲ್ಲಿ ಬಂದೆವು. ಮನೆಗೆ ಬಂದ ಮೇಲೆ ಸುನಂದಾ ಸಿಂಧನೂರಿನಿಂದ ಬಂದು ಫೋನು ಹಿಡಿದು ತೋರಿಸಿದಳು. ಕಂಬಳಿಯ ಸಂದಿಯಿಂದ ಹಿಡಿದ ವಿಡಿಯೋ. ನನ್ನ ಹಸಿ ಕೂದಲು, ಅರ್ಧ ಬೆನ್ನು, ಅಂಗೈಯಲ್ಲಿ ಲಿಂಗ. ಕೆಳಗೆ, ‘ಮೈನಸ್ ಇಪ್ಪತ್ತೆರಡರಲ್ಲಿ ನಮ್ಮ ವೈನಿಯ ಭಕ್ತಿ’. ಹಿಂದೆ ಢಂ ಢಂ ಎಂಬ ಹಾಡು. ಗಂಡನಿಗೂ ತೋರಿಸದ ಲಿಂಗ ಅದು. ಗೋಡೆಗೆ ಮುಖ ಮಾಡಿ ಕೂತವಳ ಬೆನ್ನ ಹಿಂದೆ ಇವನು ನಿಂತಿದ್ದ. ಸುನಂದಾ ತಲೆ ತಗ್ಗಿಸಿ, “ಅಕ್ಕಾ, ನನಗ ನಾಚಿಕಿ ಬಂತು” ಅಂದಳು. ಅಳಿಸುತ್ತೇನೆ ಎಂದು ಅಮರೇಶ ಆಗ ಮಾತು ಕೊಟ್ಟ. ಮುಗಿಯಿತೆಂದು ನಾನು ಒಂದು ವರ್ಷ ನೆಮ್ಮದಿಯಿಂದಿದ್ದೆ.

ಇಷ್ಟೆಲ್ಲ ತಲೆಯಲ್ಲಿ ಹಾದುಹೋಗುವಷ್ಟರಲ್ಲಿ ಕೈಯ ಬೂದಿ ಒಣಗಿತ್ತು. ಕೈ ತೊಳೆದುಕೊಂಡು ಫೋನು ಎತ್ತಿದೆ. ನಮ್ಮ ಮನೆಯವರು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು.

“ಅಮರೇಶ, ರವಿವಾರ ಬರ್ತೀನಪ.”

“ಗೊತ್ತಿತ್ರಿ ವೈನಿ ನನಗ. ಮುಂದಿನ ಕುರ್ಚಿ ನಿಮಗ.”

“ಆ ವಿಡಿಯೋ ಪರದಿ ಮ್ಯಾಲ ಬಂತಂದ್ರ, ಮೈಕ್ ಇಸ್ಕೊಂಡು ನಾನೂ ಎರಡು ಮಾತು ಆಡ್ತೀನಿ. ರೇಡಿಯೇಟರಿಗಿ ನಲ್ಲಿ ನೀರು ಹಾಕಿದ್ದ್ಯಾರು, ಕಿಟ್ಲಿ ಒಯ್ದಿದ್ದ್ಯಾರು, ಲಾರಿ ಮ್ಯಾಲ ಬಂದಿದ್ದ್ಯಾವ ಗಾಡಿ, ಮೈ ತೊಳಕೊಂಡು ಕುಂತ ಹೆಣ್ಣಮಗಳ ಹಿಂದ ನಿಂತು ಫೋನು ಹಿಡಿದಿದ್ದ್ಯಾರು. ಎಲ್ಲಾ ಹೇಳ್ತೀನಿ. ಆಮ್ಯಾಲ ಶಾಲು ಹಾಕಸ್ಕೊ.”



“ತಗೀತೀನ್ರಿ” ಅಂದ.

“ಈಗ ತಗಿ. ನಿಮ್ಮಣ್ಣ ನೋಡಾಕತ್ತಾರ.”

ಮನೆಯವರು ಅಲ್ಲಿಯೇ ನಿಂತಿದ್ದರು, ಒಂದು ಕಾಲಿಗೆ ಚಪ್ಪಲಿ. ನಾನು ಏನೂ ಅನ್ನುವ ಮೊದಲೇ ತಮ್ಮ ಫೋನು ತೆಗೆದರು. ಕನ್ನಡಕ ಏರಿಸಿ, ತಮ್ಮನ ಚಾನೆಲ್ಲು ತೆರೆದು ಒಂದು ಸಲ ಒತ್ತಿದರು, ಸ್ವಲ್ಪ ತಡೆದು ಇನ್ನೊಂದು ಸಲ ಒತ್ತಿದರು.

“ಹೋಗೈತಿ” ಅಂದರು. ಇನ್ನೊಂದು ಚಪ್ಪಲಿ ಮೆಟ್ಟುತ್ತ, “ರವಿವಾರ ನಾನು ಹೋಗಂಗಿಲ್ಲ ಬಿಡ” ಅಂದರು. ವರ್ಷದ ಮೇಲೆ ಬಂದ ಮಾತು. ಬಂತಲ್ಲ, ಇರಲಿ. ಇನ್ನು ನಾನೂ ಹೋಗುವುದಿಲ್ಲ. ಆ ಸನ್ಮಾನದ ಶಾಲು ಎಂಥವೆಂದು ನನಗೆ ಗೊತ್ತು. ಕೈ ಒರೆಸಲೂ ಬಾರದವು.

ಓಣಿಯ ಆ ತುದಿಯಲ್ಲಿ ಯಾರೋ “ನಳಾ ಬಂತು” ಎಂದು ಕೂಗಿದರು. ನಮ್ಮ ನಲ್ಲಿ ಮೊದಲು ಗಾಳಿ ಉಗುಳಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ನಾನು ಸೆರಗು ಸಿಕ್ಕಿಸಿಕೊಂಡು, ಗೋಡೆಗುಂಟ ಬೋರಲಿಟ್ಟಿದ್ದ ಕೊಡಗಳನ್ನು ಒಂದೊಂದಾಗಿ ಎತ್ತಿ, ಬಾಯಿ ಮೇಲೆ ಮಾಡಿ ಸಾಲಾಗಿ ಇಟ್ಟೆ. ಮೊದಲ ಕೊಡವನ್ನು ನಲ್ಲಿಯ ಕೆಳಗೆ ಹಿಡಿದೆ.